ಲೆಕ್ಕಕ್ಕೆ ಸಿಗದ ಒಂದು ಲೈಬ್ರರಿ



ಶೋಕೇಸಿನ ಕೆಳಗಿನ ಖಾನೆಯಲ್ಲೋ ಅಟ್ಟದ ಮೇಲಿನ ಪೆಟ್ಟಿಗೆಯಲ್ಲೋ ಒಂದಷ್ಟು ಡಿವಿಡಿ, ವಿಸಿಡಿಗಳು ಇನ್ನೂ ಬಿದ್ದಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಕಟ್ಟಿದ ಮೇಲೆ, ಸಿನಿಮಾವನ್ನು ಬಾಡಿಗೆಗೆ ತರುವ ಬದಲು ಕೊಂಡೇ ಬಿಡೋಣ ಎಂದವರು ಬಹಳ ಜನ. ಆ ಕಂಪನಿಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು 2018ರಲ್ಲಿ ಆದೇಶವಾಯಿತು. ಡಿಸ್ಕ್‌ಗಳು ಮಾತ್ರ ಉಳಿದಿವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅವನ್ನು ತೂರಿಸಲು ಜಾಗವೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದನ್ನು ತಂದಿರಿ ಎನ್ನಿ. ನಿಮ್ಮ ಕಂಪ್ಯೂಟರಿನಲ್ಲಿ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಇದೆ ಎನ್ನಿ. ಅಕ್ಕನ ಮದುವೆಯ ಡಿವಿಡಿ ಹಾಕಿದರೆ ಸೊಗಸಾಗಿ ಓಡುತ್ತದೆ. ಅಂಗಡಿಯಿಂದ ತಂದ ಸಿನಿಮಾ ಡಿವಿಡಿ ಹಾಕಿದರೆ ಬಣ್ಣದ ಚೌಕಗಳು ಚೆಲ್ಲಾಡುತ್ತವೆ, ಇಲ್ಲವೇ ‘ಓದಲಾಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಡ್ರೈವ್ ಕೆಟ್ಟಿದೆ ಎಂದು ವಾಪಸು ಕೊಟ್ಟು ಬಂದವರಿದ್ದಾರೆ. ಡ್ರೈವ್ ಕೆಟ್ಟಿಲ್ಲ. ಒಂದು ಚಿಕ್ಕ ಸಾಫ್ಟ್‌ವೇರ್ ಲೈಬ್ರರಿ ಇಲ್ಲ, ಅಷ್ಟೆ. ಅದರ ಹೆಸರು ಲಿಬ್‌ಡಿವಿಡಿಸಿಎಸ್‌ಎಸ್.

ಇವತ್ತು ಅದನ್ನು ಹಾಕಿಕೊಳ್ಳುವುದು, ನೋಡಿಕೊಳ್ಳುವುದು, ಬೇಡವಾದಾಗ ತೆಗೆಯುವುದು ಹೇಗೆಂದು ಹೇಳುತ್ತೇನೆ. ಎಲ್ಲವೂ ಟರ್ಮಿನಲ್ಲಿನಲ್ಲಿ, ಬೆರಳಚ್ಚಿಸುವ ಕಮಾಂಡುಗಳಿಂದ. ರೇಡಿಯೊದಲ್ಲಿ ಪರದೆ ತೋರಿಸುವ ಹಾಗಿಲ್ಲವಾದ್ದರಿಂದ ಬಾಯಲ್ಲೇ ಓದಿ ಹೇಳಬೇಕು. ಹತ್ತಿರ ಪೆನ್ನಿದ್ದರೆ ಒಳ್ಳೆಯದು.

ಮೊದಲು ಬೀಗದ ವಿಚಾರ. ಸಿನಿಮಾ ಡಿವಿಡಿಗಳಿಗೆಂದು 1996ರಲ್ಲಿ ಕಂಟೆಂಟ್ ಸ್ಕ್ರ್ಯಾಂಬಲ್ ಸಿಸ್ಟಮ್ ಎಂಬ ಗೂಢಲಿಪಿ ವ್ಯವಸ್ಥೆ ಬಂತು. ಸಿಎಸ್‌ಎಸ್ ಎಂದು ಕರೆಯುತ್ತಾರೆ. ಡಿವಿಡಿಯ ಮಾಹಿತಿ 2048 ಬೈಟುಗಳ ಸೆಕ್ಟರುಗಳಲ್ಲಿ ಕೂತಿರುತ್ತದೆ. ಬೀಗ ಹಾಕಿದ ಸೆಕ್ಟರಿನಲ್ಲಿ ಮೊದಲ 128 ಬೈಟು ಹಾಗೇ ಬಿಟ್ಟು ಉಳಿದದ್ದನ್ನು ಕಲಸಿಬಿಡುತ್ತಾರೆ. ಅದನ್ನು ಬಿಡಿಸಲು ಶೀರ್ಷಿಕೆಯ ಕೀಲಿ ಬೇಕು. ಆ ಕೀಲಿಯನ್ನು ಬಿಡಿಸಲು ಡಿಸ್ಕಿನ ಕೀಲಿ ಬೇಕು. ಡಿಸ್ಕಿನ ಕೀಲಿಯನ್ನು ಬಿಡಿಸಲು, ಪರವಾನಗಿ ಪಡೆದ ಪ್ಲೇಯರ್ ತಯಾರಕರಿಗೆ ಕೊಟ್ಟಿರುವ ಪ್ಲೇಯರ್ ಕೀಲಿ ಬೇಕು. ಮನೆಯಲ್ಲೋ ಸ್ಟುಡಿಯೊದಲ್ಲೋ ಬರೆದ ಮದುವೆಯ ಡಿವಿಡಿ-ಆರ್‌ನಲ್ಲಿ ಈ ಗೋಜೇ ಇಲ್ಲ. ಖಾಲಿ ಡಿಸ್ಕಿನಲ್ಲಿ ಕೀಲಿ ಬರೆಯುವ ಜಾಗವನ್ನು ಕಾರ್ಖಾನೆಯಲ್ಲೇ ಮುಚ್ಚಿಬಿಟ್ಟಿರುತ್ತಾರೆ. ಒಂದು ಓಡಿ ಇನ್ನೊಂದು ಓಡದಿರುವುದಕ್ಕೆ ಕಾರಣ ಇದು.

ಎಲ್ಲ ಕೀಲಿಗಳೂ 40 ಬಿಟ್‌ನವು. ಅಮೆರಿಕ ಆಗ ಅದಕ್ಕಿಂತ ಬಲವಾದ ಗೂಢಲಿಪಿಯನ್ನು ಹೊರದೇಶಕ್ಕೆ ಸುಲಭವಾಗಿ ಬಿಡುತ್ತಿರಲಿಲ್ಲ. 40 ಬಿಟ್ ಎಂದರೆ ಲಕ್ಷ ಕೋಟಿಗೂ ತುಸು ಹೆಚ್ಚು ಸಾಧ್ಯತೆಗಳು. ದೊಡ್ಡ ಸಂಖ್ಯೆ ಅನಿಸುತ್ತದೆ, ಆದರೆ ವ್ಯವಸ್ಥೆಯ ರಚನೆಯಲ್ಲೇ ದೋಷವಿತ್ತು. ಡಿಸ್ಕಿನ ಕೀಲಿಯನ್ನು ಮೂರು ಕೋಟಿ ಚಿಲ್ಲರೆ ಪ್ರಯತ್ನಗಳಷ್ಟು ಕೆಲಸದಲ್ಲಿ ಕಂಡುಹಿಡಿಯಬಹುದೆಂದು ಫ್ರಾಂಕ್ ಸ್ಟೀವನ್‌ಸನ್ 1999ರಲ್ಲೇ ತೋರಿಸಿದರು. ಆಗಿನ ಮನೆ ಕಂಪ್ಯೂಟರಿಗೂ ಅದು ದೊಡ್ಡ ಕೆಲಸವಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಈ ಬೀಗ ತೆರೆಯುವ ಡಿಸಿಎಸ್‌ಎಸ್ ಎಂಬ ಪ್ರೋಗ್ರಾಂ ಹೊರಬಂತು. ಹೊರತಂದವರಲ್ಲಿ ಹೆಸರು ಬಹಿರಂಗವಾದದ್ದು ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್ ಒಬ್ಬನದೇ. ಅವನಿಗಾಗ 15 ವರ್ಷ. ಮುಂದಿನ ಜನವರಿಯಲ್ಲಿ ಪೊಲೀಸರು ಅವನ ಮನೆ ಹೊಕ್ಕರು. ತಾನೇ ದುಡ್ಡು ಕೊಟ್ಟು ತಂದ ಡಿಸ್ಕನ್ನು ತನ್ನ ಕಂಪ್ಯೂಟರಿನಲ್ಲಿ ನೋಡುವುದು ಅಪರಾಧವಲ್ಲ ಎಂದು ಓಸ್ಲೊ ನ್ಯಾಯಾಲಯ 2003ರ ಜನವರಿಯಲ್ಲಿ ಅವನನ್ನು ಬಿಡುಗಡೆ ಮಾಡಿತು. ಮೇಲ್ಮನವಿಯಲ್ಲೂ ಅದೇ ವರ್ಷದ ಡಿಸೆಂಬರಿನಲ್ಲಿ ಅವನೇ ಗೆದ್ದ. ಅಮೆರಿಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಅಲ್ಲಿ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ, ಬೀಗ ತೆರೆಯುವ ಸಾಧನವನ್ನು ಹಂಚುವುದನ್ನೇ ನಿಷೇಧಿಸಿತ್ತು. 2600 ಎಂಬ ಹ್ಯಾಕರ್ ಪತ್ರಿಕೆ ಡಿಸಿಎಸ್‌ಎಸ್ ಅನ್ನು ಪ್ರಕಟಿಸಕೂಡದು, ಅದಿರುವ ಕಡೆಗೆ ಕೊಂಡಿಯನ್ನೂ ಕೊಡಕೂಡದು ಎಂದು ನ್ಯೂಯಾರ್ಕಿನ ನ್ಯಾಯಾಲಯ 2000ದ ಆಗಸ್ಟಿನಲ್ಲಿ ಆದೇಶಿಸಿತು. ಜನ ಸುಮ್ಮನಿರಲಿಲ್ಲ. ಆ ಕೋಡನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿದರು, ಹಾಯ್ಕು ಕವನ ಮಾಡಿದರು, ಒಬ್ಬರಂತೂ ಅದನ್ನೇ ಒಂದು ದೈತ್ಯ ಅವಿಭಾಜ್ಯ ಸಂಖ್ಯೆಯನ್ನಾಗಿ ಬರೆದರು. ಸಂಖ್ಯೆಯನ್ನು ನಿಷೇಧಿಸುವುದು ಹೇಗೆ ಎಂಬ ಪ್ರಶ್ನೆಗೆ ನ್ಯಾಯಾಧೀಶರು ಉತ್ತರ ಹೇಳಲಿ ಎಂಬುದು ಅವರ ಹಟ.

ಲಿಬ್‌ಡಿವಿಡಿಸಿಎಸ್‌ಎಸ್ ಹುಟ್ಟಿದ್ದು ಫ್ರಾನ್ಸಿನ ವಿಡಿಯೊಲ್ಯಾನ್ ಬಳಗದಲ್ಲಿ. ವಿಎಲ್‌ಸಿ ಪ್ಲೇಯರಿನ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನ್ ನೀವು ನೋಡಿರುತ್ತೀರಿ, ಅದೇ ಬಳಗ. ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸ, 2001ರ ಫೆಬ್ರುವರಿಯಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಬಂತು. ಈ ಲೈಬ್ರರಿ ಮಾಡುವುದು ಒಂದೇ ಕೆಲಸ: ಪ್ಲೇಯರ್ ಪ್ರೋಗ್ರಾಂ ‘ಇಂಥ ಸೆಕ್ಟರ್ ಕೊಡು’ ಎಂದರೆ ಬೀಗ ಬಿಡಿಸಿ ಕೊಡುವುದು. ಕೀಲಿ ಸಿಗಲು ಅದಕ್ಕೆ ಮೂರು ದಾರಿ. ಗೊತ್ತಿರುವ ಪ್ಲೇಯರ್ ಕೀಲಿಗಳನ್ನು ಹಾಕಿ ನೋಡುವುದು ಒಂದು. ಡಿಸ್ಕಿನ ಕೀಲಿಯನ್ನೇ ಲೆಕ್ಕಹಾಕಿ ಹುಡುಕುವುದು ಇನ್ನೊಂದು. ಅದೂ ಆಗದಿದ್ದರೆ ಕಲಸಿದ ಸಿನಿಮಾದ ತುಣುಕುಗಳಿಂದಲೇ ಶೀರ್ಷಿಕೆಯ ಕೀಲಿಯನ್ನು ಊಹಿಸುವುದು.

ಇನ್ನು ಈ ಲೈಬ್ರರಿಯನ್ನು ಹಾಕಿಕೊಡಬೇಕಾದ ಪ್ಯಾಕೇಜ್ ಮ್ಯಾನೇಜರ್ ವಿಚಾರ. ಡೆಬಿಯನ್‌ನಲ್ಲಿ ಇದಕ್ಕೆ ಎರಡು ಅಂತಸ್ತು. ಕೆಳಗಿನದು ಡಿಪಿಕೆಜಿ, ಪ್ಯಾಕೇಜನ್ನು ಬಿಚ್ಚಿ ಕಡತಗಳನ್ನು ಅವುಗಳ ಜಾಗದಲ್ಲಿಡುವುದು, ಏನೇನು ಇಟ್ಟೆ ಎಂದು ಬರೆದುಕೊಳ್ಳುವುದು ಅದರ ಕೆಲಸ. ಮೇಲಿನದು ಆಪ್ಟ್, 1999ರ ಡೆಬಿಯನ್ 2.1ರಿಂದ ಬಂದದ್ದು, ರೆಪೊಸಿಟರಿ ಎಂಬ ಸಾಫ್ಟ್‌ವೇರ್ ಉಗ್ರಾಣದಿಂದ ತರುವುದು, ಇದಕ್ಕೆ ಅದು ಬೇಕು ಎಂಬ ಅವಲಂಬನೆಗಳನ್ನು ಬಿಡಿಸುವುದು ಅದರ ಕೆಲಸ. ಜನ ಪ್ಯಾಕೇಜ್ ಮ್ಯಾನೇಜರನ್ನು ಸಾಫ್ಟ್‌ವೇರ್ ಹಾಕುವ ಸಾಧನ ಎಂದುಕೊಳ್ಳುತ್ತಾರೆ. ಹಾಕುವುದಕ್ಕೆ ಇಷ್ಟೆಲ್ಲ ಬೇಕಿಲ್ಲ, ಕಡತ ನಕಲು ಮಾಡಿದರೆ ಸಾಕು. ಅದರ ನಿಜವಾದ ಬೆಲೆ ನೆನಪಿನಲ್ಲಿದೆ. ಯಾವ ಕಡತ ಯಾವ ಪ್ಯಾಕೇಜಿನದು, ಅದು ಎಲ್ಲಿಂದ ಬಂತು, ಅದನ್ನು ತೆಗೆದರೆ ಯಾರು ಬೀಳುತ್ತಾರೆ ಎಂಬುದನ್ನೆಲ್ಲ ವರ್ಷಗಟ್ಟಲೆ ನಿಮ್ಮ ಪರವಾಗಿ ನೆನಪಿಟ್ಟುಕೊಳ್ಳುತ್ತದೆ. ಈ ದಾಖಲೆ ಸಾದಾ ಪಠ್ಯದ ಕಡತ. ವಾರ್, ಲಿಬ್, ಡಿಪಿಕೆಜಿ ಎಂಬ ಫೋಲ್ಡರುಗಳ ಒಳಗೆ ಸ್ಟೇಟಸ್ ಎಂಬ ಹೆಸರಿನಲ್ಲಿದೆ, ತೆರೆದು ಓದಬಹುದು. ಓದಿ, ತಿದ್ದಲು ಹೋಗಬೇಡಿ.

ಈ ನೆನಪಿನಿಂದ ನಮ್ಮ ಲೈಬ್ರರಿಯನ್ನು ಬೇಕೆಂದೇ ಹೊರಗಿಟ್ಟಿದ್ದಾರೆ. ಅದೂ ಎರಡು ಬಗೆಯಲ್ಲಿ.

ಮೊದಲನೆಯದು, ಡೆಬಿಯನ್ನಿನ ರೆಪೊಸಿಟರಿಯಲ್ಲಿ ಲಿಬ್‌ಡಿವಿಡಿಸಿಎಸ್‌ಎಸ್ ಇಲ್ಲವೇ ಇಲ್ಲ. ಅಮೆರಿಕದಂಥ ದೇಶಗಳ ಕಾನೂನಿನ ಭಯದಿಂದ ಅದನ್ನು ತಾವು ಹಂಚುವುದಿಲ್ಲ ಎಂದು ಅವರು ದೂರ ನಿಂತರು. ಅಲ್ಲಿರುವುದು ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ಯಾಕೇಜು. ಡೆಬಿಯನ್ನಿನಲ್ಲಿ ಕಾಂಟ್ರಿಬ್ ವಿಭಾಗದಲ್ಲಿ, ಉಬುಂಟುವಿನಲ್ಲಿ ಮಲ್ಟಿವರ್ಸ್ ವಿಭಾಗದಲ್ಲಿ. ತನ್ನ ಅಂಗಡಿಯಲ್ಲಿ ಇಡಲಾರದ ಸರಕನ್ನು ಕೇಳಿದರೆ ವ್ಯಾಪಾರಿ ವಿಳಾಸದ ಚೀಟಿ ಕೊಟ್ಟು ಜೊತೆಗೆ ಹುಡುಗನನ್ನೂ ಕಳಿಸುತ್ತಾನಲ್ಲ, ಆ ಹುಡುಗ ಈ ಪ್ಯಾಕೇಜು. ಅದು ವಿಡಿಯೊಲ್ಯಾನ್ ಸರ್ವರಿಗೆ ಹೋಗಿ ಸೋರ್ಸ್ ಕೋಡ್ ತರುತ್ತದೆ, ಬಂದದ್ದು ಅಸಲಿಯೇ ಎಂದು ಚೆಕ್‌ಸಮ್ ನೋಡುತ್ತದೆ, ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ ಲಿಬ್‌ಡಿವಿಡಿಸಿಎಸ್‌ಎಸ್2 ಎಂಬ ನಿಜವಾದ ಪ್ಯಾಕೇಜನ್ನು ಕಟ್ಟಿ ಹಾಕುತ್ತದೆ. ಕೊನೆಯಲ್ಲಿರುವ 2 ಆವೃತ್ತಿಯ ಸಂಖ್ಯೆಯಲ್ಲ, ಇತರ ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ರೀತಿಯ ಸಂಖ್ಯೆ. ಆವೃತ್ತಿ 1.4.3 ಎಂದಿದ್ದರೂ ಪ್ಯಾಕೇಜಿನ ಹೆಸರಿನಲ್ಲಿ 2 ಇರುತ್ತದೆ, ಗಾಬರಿ ಬೇಡ.

ಬರೆದುಕೊಳ್ಳಿ. ಸುಡೊ, ಆಪ್ಟ್, ಇನ್‌ಸ್ಟಾಲ್, ಲಿಬ್‌ಡಿವಿಡಿ, ಅಡ್ಡಗೆರೆ, ಪಿಕೆಜಿ. ಲಿಬ್‌ಡಿವಿಡಿಯಿಂದ ಪಿಕೆಜಿವರೆಗೆ ನಡುವೆ ಜಾಗ ಬಿಡಬಾರದು. ಎಂಟರ್ ಒತ್ತಿದರೆ ನೀಲಿ ಪರದೆಯ ಮೇಲೆ ಒಂದೆರಡು ಪ್ರಶ್ನೆ ಕೇಳುತ್ತದೆ. ಆಮೇಲೆ ಎರಡನೆಯ ಕಮಾಂಡ್: ಸುಡೊ, ಡಿಪಿಕೆಜಿ ಅಡ್ಡಗೆರೆ ರೀಕಾನ್ಫಿಗರ್, ಮತ್ತೆ ಲಿಬ್‌ಡಿವಿಡಿ ಅಡ್ಡಗೆರೆ ಪಿಕೆಜಿ. ಈ ಎರಡನೆಯದನ್ನು ಬಿಟ್ಟು ‘ಹಾಕಿದೆ, ಆದರೂ ಓಡುತ್ತಿಲ್ಲ’ ಎನ್ನುವವರೇ ಹೆಚ್ಚು. ಒಂದು ಪ್ಯಾಕೇಜನ್ನು ಕೂರಿಸುತ್ತಿರುವಾಗ ಡಿಪಿಕೆಜಿ ತನ್ನ ದಾಖಲೆಗೆ ಬೀಗ ಹಾಕಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ಅದರ ಹೊಟ್ಟೆಯೊಳಗಿಂದಲೇ ಇನ್ನೊಂದು ಪ್ಯಾಕೇಜನ್ನು ಕೂರಿಸಲು ಬರುವುದಿಲ್ಲ. ಅದಕ್ಕೇ ಎರಡು ಹೆಜ್ಜೆ.

ಆಯಿತೋ ಇಲ್ಲವೋ ನೋಡಲು ಆಪ್ಟ್-ಕ್ಯಾಶ್ ಪಾಲಿಸಿ ಲಿಬ್‌ಡಿವಿಡಿಸಿಎಸ್‌ಎಸ್2 ಎಂದು ಕೇಳಿ. ಬೇರೆ ಯಾವ ಪ್ಯಾಕೇಜಿಗಾದರೂ ಇಲ್ಲಿ ರೆಪೊಸಿಟರಿಯ ವಿಳಾಸ ಬರುತ್ತದೆ. ಇದಕ್ಕೆ ಬರುವುದು ನಿಮ್ಮದೇ ಕಂಪ್ಯೂಟರಿನ ಆ ಸ್ಟೇಟಸ್ ಕಡತದ ಹೆಸರು. ಎಲ್ಲಿಂದ ಬಂತು ಎಂದು ಕೇಳಿದರೆ ‘ಇಲ್ಲೇ ಇತ್ತು’ ಎನ್ನುತ್ತದೆ. ಆಪ್ಟ್ ಪಟ್ಟಿಯಲ್ಲಿ ಇದರ ಪಕ್ಕ ‘ಇನ್‌ಸ್ಟಾಲ್ಡ್, ಲೋಕಲ್’ ಎಂದು ಕಾಣುವುದೂ ಇದರಿಂದಲೇ.

ಎರಡನೆಯ ಬಗೆ ಇನ್ನೂ ಸೂಕ್ಷ್ಮ. ಡಿವಿಡಿಯ ಮೆನು, ಅಧ್ಯಾಯಗಳನ್ನೆಲ್ಲ ಅರ್ಥಮಾಡಿಕೊಳ್ಳುವ ಲಿಬ್‌ಡಿವಿಡಿರೀಡ್ ಎಂಬ ಮತ್ತೊಂದು ಲೈಬ್ರರಿ ಇದೆ. ಅದು ಡೆಬಿಯನ್ನಿನ ಮುಖ್ಯ ವಿಭಾಗದಲ್ಲೇ ರಾಜಾರೋಷವಾಗಿದೆ. ಬೀಗ ಬಿಡಿಸಲು ಅದಕ್ಕೆ ಲಿಬ್‌ಡಿವಿಡಿಸಿಎಸ್‌ಎಸ್ ಬೇಕು. ಆದರೆ ಡೆಬಿಯನ್ನಿನವರು ಎರಡನ್ನೂ ಮೊದಲೇ ಬೆಸೆದಿಲ್ಲ. ಓಡುತ್ತಿರುವಾಗ ‘ಆ ಹೆಸರಿನ ಕಡತ ಇದೆಯೇ’ ಎಂದು ಹುಡುಕುತ್ತದೆ. ಇದ್ದರೆ ಬಳಸುತ್ತದೆ, ಇಲ್ಲದಿದ್ದರೆ ಚಕಾರವೆತ್ತದೆ ಮುಂದೆ ಹೋಗುತ್ತದೆ. ಯಾರಿಗೆ ಯಾರು ಬೇಕು ಎಂದು ತೋರಿಸುವ ಎಲ್‌ಡಿಡಿ ಎಂಬ ಕಮಾಂಡಿಗೂ ಈ ನಂಟು ಕಾಣುವುದಿಲ್ಲ. ಕಾನೂನಿನ ದೃಷ್ಟಿಯಿಂದ ಜಾಣತನ, ಒಪ್ಪುತ್ತೇನೆ. ಬಳಸುವವರ ದೃಷ್ಟಿಯಿಂದ ಇದರ ಅರ್ಥ: ಈ ಲೈಬ್ರರಿಯನ್ನು ತೆಗೆದುಹಾಕಿದರೆ ಇಡೀ ವ್ಯವಸ್ಥೆಯಲ್ಲಿ ಯಾರೂ ಆಕ್ಷೇಪ ಎತ್ತುವುದಿಲ್ಲ.

ಇದು ಬಾಧಿಸುವುದು ಯಾವಾಗ ಗೊತ್ತೇ? ಡೆಬಿಯನ್ನಿನ ಒಂದು ಆವೃತ್ತಿಯಿಂದ ಮುಂದಿನದಕ್ಕೆ ಏರಿದ ಮೇಲೆ. ಯಾವ ರೆಪೊಸಿಟರಿಯಲ್ಲೂ ಇಲ್ಲದ ಹಳೆಯ ಪ್ಯಾಕೇಜುಗಳನ್ನು ಗುಡಿಸಿಹಾಕಿ ಎಂಬ ಸಲಹೆ ಬಿಡುಗಡೆ ಟಿಪ್ಪಣಿಯಲ್ಲೇ ಇರುತ್ತದೆ. ಆಪ್ಟ್ ಪರ್ಜ್, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಒಂದು ಅಲೆಗೆರೆ ಮತ್ತು ಓ ಅಕ್ಷರ. ಆಪ್ಟ್ ಕಣ್ಣಿಗೆ ‘ಎಲ್ಲೂ ಇಲ್ಲದ್ದು’ ಮತ್ತು ‘ಮನೆಯಲ್ಲೇ ಕಟ್ಟಿದ್ದು’ ಎರಡೂ ಒಂದೇ. ಪಟ್ಟಿ ಓದದೆ ಹೂಂ ಎಂದರೆ ಕಸದ ಜೊತೆ ನಮ್ಮ ಲೈಬ್ರರಿಯೂ ಹೊರಟುಹೋಗುತ್ತದೆ. ಯಾರೂ ಅವಲಂಬಿಸಿಲ್ಲವಾದ್ದರಿಂದ ಎಚ್ಚರಿಕೆಯೂ ಬರುವುದಿಲ್ಲ. ಮೂರು ತಿಂಗಳ ನಂತರ ಹಬ್ಬಕ್ಕೆ ಬಂದ ನೆಂಟರ ಮುಂದೆ ಡಿಸ್ಕ್ ಹಾಕಿದಾಗ ಚೌಕಗಳು ಚೆಲ್ಲಾಡುತ್ತವೆ, ಅಷ್ಟು ಹೊತ್ತಿಗೆ ಕಾರಣ ಮರೆತಿರುತ್ತದೆ. ಆದ್ದರಿಂದ ಪರ್ಜ್ ಅನ್ನುವ ಮೊದಲು ಆಪ್ಟ್ ಲಿಸ್ಟ್ ಎಂದು ಅದೇ ಗುರುತು ಕೊಟ್ಟು ಪಟ್ಟಿ ನೋಡಿ. ಈ ಒಂದು ಪ್ಯಾಕೇಜಿನ ಮಟ್ಟಿಗೆ ನೆನಪಿಟ್ಟುಕೊಳ್ಳುವ ಕೆಲಸ ನಿಮ್ಮದೇ.

ಮ್ಯಾಕ್ ಇಟ್ಟುಕೊಂಡವರಿಗೆ ಹೋಮ್‌ಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್ ಇದೆ. 2009ರಲ್ಲಿ ಮ್ಯಾಕ್ಸ್ ಹೋವೆಲ್ ಆರಂಭಿಸಿದ್ದು. ಅಲ್ಲಿ ಇಂಥ ಮುಚ್ಚುಮರೆ ಇಲ್ಲ. ಬ್ರೂ ಇನ್‌ಸ್ಟಾಲ್ ಲಿಬ್‌ಡಿವಿಡಿಸಿಎಸ್‌ಎಸ್ ಎಂದರೆ ಮುಗಿಯಿತು. ಲಿಬ್‌ಡಿವಿಡಿರೀಡ್‌ಗೆ ಇದು ಬೇಕು ಎಂದು ನೇರವಾಗಿ ಬರೆದೇ ಇಟ್ಟಿದ್ದಾರೆ. ಹಾಗಾಗಿ ಬ್ರೂ ಯೂಸಸ್ ಎಂದು ಕೇಳಿದರೆ ಇದನ್ನು ನಂಬಿಕೊಂಡವರ ಪಟ್ಟಿ ಸಿಗುತ್ತದೆ. ಫೆಡೊರಾದವರಿಗೆ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ರೆಪೊಸಿಟರಿ. ಅದರಲ್ಲೂ ಟೇಂಟೆಡ್ ಎಂಬ ಪ್ರತ್ಯೇಕ ಕೋಣೆಯನ್ನು ತೆರೆದ ಮೇಲೆ ಸಿಗುತ್ತದೆ. ಆರ್ಚ್ ಲಿನಕ್ಸ್‌ನಲ್ಲಿ ಅಧಿಕೃತ ರೆಪೊಸಿಟರಿಯಲ್ಲೇ ಇದೆ. ಕೋಡ್ ಅದೇ, ಹಂಚುವವರ ಧೈರ್ಯ ಮಾತ್ರ ಬೇರೆ ಬೇರೆ. ನನಗೆ ಕೇಳಿದರೆ ಹೋಮ್‌ಬ್ರೂ ರೀತಿಯೇ ವಾಸಿ. ಬಳಸುವವರಿಂದ ನಂಟನ್ನು ಮುಚ್ಚಿಟ್ಟು ಯಾವ ಕಾನೂನನ್ನೂ ಕಾಪಾಡಿದಂತಾಗಲಿಲ್ಲ.

ನಮ್ಮ ದೇಶದ ಕಾನೂನು ಏನನ್ನುತ್ತದೆ? 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಎಂಬ ಸೆಕ್ಷನ್ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ಬೀಗವನ್ನು ತಪ್ಪಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಆ ‘ಉದ್ದೇಶದಿಂದ’ ಎಂಬುದು ನಮ್ಮ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಅಮೆರಿಕದ ಕಾಯ್ದೆಯಷ್ಟು ಬಿಗಿಯಲ್ಲ. ಕೊಂಡ ಡಿಸ್ಕನ್ನು ಮನೆಯಲ್ಲಿ ನೋಡುವುದು ಒಂದು, ನಕಲು ಮಾಡಿ ಹಂಚುವುದು ಇನ್ನೊಂದು. ನಾನು ವಕೀಲನಲ್ಲ, ಎರಡನೆಯದಕ್ಕೆ ಈ ಭಾಷಣವನ್ನು ಸಾಕ್ಷಿಯಾಗಿ ತೋರಿಸಬೇಡಿ.

ಇನ್ನೊಂದು ಭಾರತದ ಪ್ರಸಂಗ. 2022ರಲ್ಲಿ ವಿಡಿಯೊಲ್ಯಾನ್ ಜಾಲತಾಣವನ್ನು ನಮ್ಮ ದೇಶದಲ್ಲಿ ತಿಂಗಳುಗಟ್ಟಲೆ ತಡೆದಿದ್ದರು. ಬಳಗದವರು ಲಾಯರ್ ನೋಟಿಸ್ ಕೊಟ್ಟ ಮೇಲೆ ನವೆಂಬರಿನಲ್ಲಿ ತಡೆ ತೆರವಾಯಿತು. ಆ ಅವಧಿಯಲ್ಲೂ ಲಿನಕ್ಸ್ ಬಳಸುವವರು ವಿಎಲ್‌ಸಿಯನ್ನು ಆಪ್ಟ್ ಮೂಲಕ ಹಾಕಿಕೊಳ್ಳಬಹುದಿತ್ತು. ಅದು ಬರುವುದು ಡೆಬಿಯನ್ ಅಥವಾ ಉಬುಂಟುವಿನ ಮಿರರ್‌ಗಳಿಂದ. ವಿಡಿಯೊಲ್ಯಾನ್ ಬಾಗಿಲಿಗೆ ಹೋಗಬೇಕಿಲ್ಲ. ಲಿಬ್‌ಡಿವಿಡಿ-ಪಿಕೆಜಿಗೆ ಆ ಸೌಕರ್ಯ ಇಲ್ಲ. ಅದಕ್ಕೆ ಸೋರ್ಸ್ ಸಿಗಬೇಕಾದದ್ದು ಮೂಲದವರ ಸರ್ವರಿನಿಂದಲೇ. ಆದ್ದರಿಂದ ಒಮ್ಮೆ ಕಟ್ಟಿದ ಪ್ಯಾಕೇಜಿನ ಡೆಬ್ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಹಳೆಯ ಕಾಲದವರು ಸೋರ್ಸ್ ತಂದು ಮೇಕ್ ಇನ್‌ಸ್ಟಾಲ್ ಎಂದು ನೇರವಾಗಿ ಹಾಕಿಕೊಳ್ಳುತ್ತಿದ್ದರು. ನೀವೂ ಎಂದಾದರೂ ಹಾಗೆ ಮಾಡಿದ್ದರೆ ಒಂದು ತೊಡಕಿದೆ. ಆ ಪ್ರತಿ ಯೂಸರ್, ಲೋಕಲ್, ಲಿಬ್ ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ, ಡಿಪಿಕೆಜಿಯ ಯಾವ ದಾಖಲೆಯಲ್ಲೂ ಇರುವುದಿಲ್ಲ. ಲೈಬ್ರರಿ ಹುಡುಕುವಾಗ ಡೆಬಿಯನ್ ಮೊದಲು ನೋಡುವುದು ಆ ಫೋಲ್ಡರನ್ನೇ. ಹೊಸ ಪ್ಯಾಕೇಜ್ ಹಾಕಿದರೂ ಓಡುವುದು ಹಳೆಯದು. ಎಲ್‌ಡಿಕಾನ್ಫಿಗ್, ಅಡ್ಡಗೆರೆ ಪಿ ಎಂದು ಕೇಳಿ, ಬಂದ ಪಟ್ಟಿಯಲ್ಲಿ ಡಿವಿಡಿಸಿಎಸ್‌ಎಸ್ ಎಷ್ಟು ಕಡೆ ಇದೆ ನೋಡಿ. ಎರಡು ಕಡೆ ಕಂಡರೆ ಲೋಕಲ್‌ನಲ್ಲಿರುವುದನ್ನು ಅಳಿಸಿ.

ವಿಸಿಡಿ ಬಗ್ಗೆ ಎರಡು ಮಾತು ಸಾಕು. ಅದಕ್ಕೆ ಬೀಗವಿಲ್ಲ, ಕಾನೂನಿನ ತಕರಾರೂ ಇಲ್ಲ. ಲಿಬ್‌ಸಿಡಿಐಓ ಎಂಬ ಲೈಬ್ರರಿ ಮುಖ್ಯ ವಿಭಾಗದಲ್ಲೇ ಸಿಗುತ್ತದೆ. ವಿಸಿಡಿಯಲ್ಲಿ ಚಿತ್ರದ ಸೆಕ್ಟರಿಗೆ 2324 ಬೈಟು ತುಂಬಿರುತ್ತಾರೆ, ದೋಷ ತಿದ್ದುವ ಮಾಹಿತಿಗೆ ಮೀಸಲಿಡುವ ಜಾಗವನ್ನೂ ಚಿತ್ರಕ್ಕೇ ಕೊಟ್ಟು. ಮೌಸಿನಿಂದ ಎಳೆದು ನಕಲು ಮಾಡಹೋದರೆ ಎಡವುವುದು ಇದರಿಂದ. ವಿಸಿಡಿಇಮೇಜರ್ ಪ್ಯಾಕೇಜ್ ಹಾಕಿ ಅದರಲ್ಲಿರುವ ವಿಸಿಡಿಎಕ್ಸ್‌ರಿಪ್ ಕಮಾಂಡಿನಿಂದ ತೆಗೆಯಿರಿ.

ಕೆಲಸವೆಲ್ಲ ಮುಗಿದು ಲೈಬ್ರರಿ ಬೇಡವಾಯಿತು ಎನ್ನಿ. ಸುಡೊ ಆಪ್ಟ್ ಪರ್ಜ್ ಲಿಬ್‌ಡಿವಿಡಿ-ಪಿಕೆಜಿ ಎಂದರೆ ಹೋಗುವುದು ತರಲು ಹೋದ ಹುಡುಗ. ಅವನು ತಂದದ್ದು ಉಳಿದಿದೆಯೇ ಎಂದು ಡಿಪಿಕೆಜಿ, ಅಡ್ಡಗೆರೆ ಎಲ್ ಎಂದು ನೋಡಿ, ಉಳಿದಿದ್ದರೆ ಲಿಬ್‌ಡಿವಿಡಿಸಿಎಸ್‌ಎಸ್2 ಅನ್ನು ಬೇರೆಯಾಗಿ ಪರ್ಜ್ ಮಾಡಿ. ನೋಡಿದ ಡಿಸ್ಕ್‌ಗಳ ಕೀಲಿಗಳನ್ನು ಲೈಬ್ರರಿ ನಿಮ್ಮ ಹೋಮ್ ಫೋಲ್ಡರಿನ ಕಣ್ಣಿಗೆ ಬೀಳದ ಒಂದು ಫೋಲ್ಡರಿನಲ್ಲಿ ಕೂಡಿಟ್ಟಿರುತ್ತದೆ, ಮುಂದಿನ ಸಲ ಬೇಗ ಸಿಗಲೆಂದು. ಹೋಮ್ ಫೋಲ್ಡರಿಗೆ ಪ್ಯಾಕೇಜ್ ಮ್ಯಾನೇಜರ್ ಕೈಹಾಕುವುದಿಲ್ಲ, ಅದನ್ನು ನೀವೇ ಅಳಿಸಬೇಕು.

ಕಡೆಯದಾಗಿ ಪ್ರಾಂತ್ಯದ ಸಂಖ್ಯೆ. ಡಿವಿಡಿ ಲೋಕದಲ್ಲಿ ಭಾರತ 5ನೆಯ ಪ್ರಾಂತ್ಯ, ಅಮೆರಿಕ 1ನೆಯದು. ಅಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟ ಡಿಸ್ಕ್ ಹಾಕಿದಾಗ ‘ಪ್ರಾಂತ್ಯ ಬದಲಿಸಲೇ’ ಎಂದು ಕೆಲವು ಪ್ಲೇಯರ್‌ಗಳು ಕೇಳುತ್ತವೆ. ಡ್ರೈವ್ ಈ ಬದಲಾವಣೆಯನ್ನು 5 ಸಲ ಮಾತ್ರ ಒಪ್ಪುತ್ತದೆ, ಆಮೇಲೆ ಕೊನೆಯದಕ್ಕೇ ಅಂಟಿಕೊಳ್ಳುತ್ತದೆ. ಆ ಎಣಿಕೆ ಇರುವುದು ಡ್ರೈವಿನ ಒಳಗೇ. ಲಿನಕ್ಸ್ ಅಳಿಸಿ ಮತ್ತೆ ಹಾಕಿದರೂ ಮೊದಲಿಗೆ ಬರುವುದಿಲ್ಲ. ರೀಜನ್‌ಸೆಟ್ ಎಂಬ ಪ್ಯಾಕೇಜ್ ಹಾಕಿ ಎಷ್ಟು ಸಲ ಉಳಿದಿದೆ ಎಂದು ಮೊದಲು ನೋಡಿಕೊಳ್ಳಿ. ಪ್ರಾಂತ್ಯ ಹೊಂದದಿದ್ದರೂ ಲಿಬ್‌ಡಿವಿಡಿಸಿಎಸ್‌ಎಸ್ ತನ್ನ ಮೂರನೆಯ ದಾರಿಯಿಂದ ಬಹಳಷ್ಟು ಡ್ರೈವ್‌ಗಳಲ್ಲಿ ಡಿಸ್ಕನ್ನು ಓದಿಬಿಡುತ್ತದೆ, ತುಸು ತಡವಾಗುತ್ತದೆ ಅಷ್ಟೆ. ಹಾಗಾಗಿ ಆ ಪ್ರಶ್ನೆಗೆ ಬೇಡ ಎಂದೇ ಉತ್ತರ ಕೊಟ್ಟು ನೋಡಿ.